ಗಂಟು ನೋವಿಗೆ ‘ಸಿಬಿಡಿ ಎಣ್ಣೆ’: ಬಾಟಲಿಯಲ್ಲಿ ಏನಿದೆ, ನೋವು ಇಳಿಯುತ್ತಾ, ಅಂಗಡಿಯಲ್ಲಿ ಇಟ್ರೆ ಕೇಸ್ ಆಗುತ್ತಾ?

ಜಮಖಂಡಿ: ಹೋದ ವಾರ ಕಿರಾಣಿ ಅಂಗಡಿಯ ಕಾಕಾ ಒಬ್ಬರು ಕರೆದು ತಮ್ಮ ಮೊಬೈಲ್ ನನ್ನ ಕೈಗೆ ಕೊಟ್ಟರು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಜಾಹೀರಾತು. ಹಸಿರು ಎಲೆಯ ಚಿತ್ರ, ಡ್ರಾಪರ್ ಇರೋ ಸಣ್ಣ ಬಾಟಲಿ, ಮೊಣಕಾಲು ಹಿಡಕೊಂಡು ಕೂತ ಹಿರಿಯರೊಬ್ಬರ ಫೋಟೊ. ಮೇಲೆ ದಪ್ಪ ಅಕ್ಷರದಲ್ಲಿ ‘ಸಂಧಿವಾತಕ್ಕೆ ಶಾಶ್ವತ ಪರಿಹಾರ’.

“ತಮ್ಮಾ, ಇದೇನೋ ಸಿಬಿಡಿ ಎಣ್ಣಿ ಅಂತ. ಮೊಣಕಾಲ ನೋವಿಗೆ ಭಾಳ ಚಲೋ ಅಂತಾರ. ನಮ್ಮ ಮನ್ಯಾಕಿಗೂ ಒಂದ ತರಸೂದು, ಅಂಗಡ್ಯಾಗೂ ಹತ್ತ ಬಾಟಲಿ ಇಡೂದು ಅಂತ ಮಾಡೀನಿ. ಆದ್ರ ಇದು ಗಾಂಜಾದ್ದು ಅಂತಾನ ನಮ್ಮ ಹುಡುಗ. ನಾಳೆ ಪೊಲೀಸ್ರು ಬಂದ್ರ ಏನ್ ಮಾಡ್ಲಿ?”

ಕಾಕಾ ಕೇಳಿದ್ದು ಎರಡು ಪ್ರಶ್ನೆ. ನೋವಿಗೆ ಇದು ಕೆಲಸ ಮಾಡುತ್ತಾ? ಮಾರಿದ್ರೆ ಕೇಸ್ ಆಗುತ್ತಾ? ನಿಂತಲ್ಲೇ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ಕಾಯ್ದೆ ಓದಿ, ಪ್ರಯೋಗಗಳ ಫಲಿತಾಂಶ ಹುಡುಕಿ ತಿಳಕೊಂಡಿದ್ದನ್ನ ಇಲ್ಲಿ ಬರೀತಿದ್ದೇನೆ. ಇಂಥ ಮೆಸೇಜ್ ಬರೀ ಆ ಕಾಕಾ ಒಬ್ಬರಿಗೇ ಬಂದಿರಲ್ಲ.

ನಮ್ಮ ಭಾಗದಲ್ಲಿ ಈ ಎಣ್ಣೆಗೆ ಗಿರಾಕಿ ಹುಡುಕಬೇಕಾಗಿಲ್ಲ. ರಬಕವಿ-ಬನಹಟ್ಟಿಯಲ್ಲಿ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೈಮಗ್ಗ ತುಳಿದವರು, ಪವರ್‌ಲೂಮ್ ಮುಂದೆ ಇಡೀ ಪಾಳಿ ನಿಂತವರು ಐವತ್ತು ದಾಟುವಷ್ಟರಲ್ಲಿ ಸೊಂಟ, ಮೊಣಕಾಲು ಹಿಡಕೊಂಡು ನಡೀತಾರೆ. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯೋರು, ಹೊರೆ ತಲೆ ಮೇಲೆ ಹೊತ್ತು ಟ್ರ್ಯಾಕ್ಟರ್ ಟ್ರಾಲಿಗೆ ಏರಿಸೋರು. ಬೀಳಗಿಯಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯೋ ಹೆಣ್ಮಕ್ಕಳು. ಇದರ ಮೇಲೆ 2006ರಲ್ಲಿ ಉತ್ತರ ಕರ್ನಾಟಕದ ತುಂಬ ಹರಡಿದ್ದ ಚಿಕೂನ್‌ಗುನ್ಯಾ. ಜ್ವರ ನಾಲ್ಕು ದಿನದಲ್ಲಿ ಹೋಯ್ತು, ಸಂದು ನೋವು ಮಾತ್ರ ತಿಂಗಳುಗಟ್ಟಲೆ ಬಿಡಲಿಲ್ಲ ಅನ್ನೋ ಮಾತು ಈಗಲೂ ಕಟ್ಟೆ ಮೇಲೆ ಕೇಳುತ್ತೆ. ನೋವಿದ್ದವರು ಏನನ್ನಾದ್ರೂ ಒಂದ್ಸಲ ನೋಡೇ ಬಿಡೋಣ ಅಂತಾರೆ. ಅದು ತಪ್ಪಲ್ಲ. ಆದರೆ ಏನನ್ನ ನೋಡ್ತಿದ್ದೇವೆ ಅನ್ನೋದು ಗೊತ್ತಿರಬೇಕು.

ಸಿಬಿಡಿ ಅಂದ್ರೆ ಏನು?

ಗಾಂಜಾ ಗಿಡದಲ್ಲಿ ನೂರಕ್ಕೂ ಹೆಚ್ಚು ವಿಶೇಷ ರಾಸಾಯನಿಕಗಳಿವೆ. ಅವುಗಳಲ್ಲಿ ಎರಡು ಮುಖ್ಯ. ಒಂದು ಟಿಎಚ್‌ಸಿ. ಗಾಂಜಾ ಸೇದಿದವರಿಗೆ ಅಮಲು ಏರಿಸೋದು ಇದೇ. ಇನ್ನೊಂದು ಕ್ಯಾನಬಿಡಿಯಾಲ್, ಅದರ ಗಿಡ್ಡ ಹೆಸರೇ ಸಿಬಿಡಿ. ಇದರಿಂದ ಅಮಲು ಏರಲ್ಲ. ಇಸ್ರೇಲಿನ ವಿಜ್ಞಾನಿ ರಾಫೆಲ್ ಮೆಶುಲಮ್ ಮತ್ತವರ ತಂಡ 1963ರಲ್ಲಿ ಸಿಬಿಡಿಯ ರಚನೆಯನ್ನ, ಮರುವರ್ಷ ಟಿಎಚ್‌ಸಿಯದನ್ನ ಬಿಡಿಸಿ ತೋರಿಸಿದರು.

ಸಿಬಿಡಿಯನ್ನ ಪೂರ್ತಿ ಸುಳ್ಳು ಔಷಧಿ ಅಂತ ತಳ್ಳಿಹಾಕೋಕೆ ಬರಲ್ಲ. ಮಕ್ಕಳಿಗೆ ಬರೋ ಎರಡು ಬಗೆಯ ಕಠಿಣ ಮೂರ್ಛೆರೋಗಕ್ಕೆ (ಫಿಟ್ಸ್) ಶುದ್ಧ ಸಿಬಿಡಿಯಿಂದ ಮಾಡಿದ ಎಪಿಡಿಯೊಲೆಕ್ಸ್ ಅನ್ನೋ ಔಷಧಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಒಪ್ಪಿಗೆ ಇರೋದು ಫಿಟ್ಸ್‌ಗೆ, ಮೊಣಕಾಲು ನೋವಿಗಲ್ಲ. ಜಾಹೀರಾತು ಮಾಡೋರು ಈ ಎರಡನೇ ಮಾತನ್ನ ನುಂಗಿ ಮೊದಲನೇದನ್ನ ಮಾತ್ರ ಹೇಳ್ತಾರೆ.

ಗಿಡ ನಮ್ಮ ಕಡೆಗೆ ಹೊಸದೇನೂ ಅಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನ ಪ್ರಸಾದ ಅಂತ ಸೇದೋ ವಾಡಿಕೆ ಬಗ್ಗೆ ಪತ್ರಿಕೆಗಳಲ್ಲಿ ಬಂದಿದೆ. ಆಯುರ್ವೇದದಲ್ಲಿ ಇದರ ಎಲೆಗೆ ವಿಜಯಾ, ಭಂಗಾ ಅಂತ ಹೆಸರು. ‘ಸಾವಿರಾರು ವರ್ಷದ ಆಯುರ್ವೇದ ಜ್ಞಾನ’ ಅಂತ ಬಾಟಲಿ ಮೇಲೆ ಬರೆಯೋಕೆ ಇದೇ ಆಧಾರ. ಆದರೆ ವಿಜಯಾ ಹಾಕಿದ ಪ್ರಸಿದ್ಧ ಹಳೆ ಔಷಧಿ ಜಾತಿಫಲಾದಿ ಚೂರ್ಣವನ್ನ ವೈದ್ಯರು ಕೊಡೋದು ಹೆಚ್ಚಾಗಿ ಭೇದಿ, ಗ್ರಹಣಿಗೆ. ಎಲೆಯಿಂದ ಸಿಬಿಡಿ ಹಿಂಡಿ ಡ್ರಾಪರ್‌ನಲ್ಲಿ ಕೊಡೋದು ಈಚಿನ ವ್ಯಾಪಾರ. ಯಾವ ಹಳೆ ಗ್ರಂಥದಲ್ಲೂ ಸಿಬಿಡಿ ಅನ್ನೋ ಮಾತು ಇರೋಕೆ ಸಾಧ್ಯವೇ ಇಲ್ಲ, ಅದು ಗೊತ್ತಾಗಿದ್ದೇ ಕಳೆದ ಶತಮಾನದಲ್ಲಿ.

ಹೆಸರು ಒಂದೇ, ಎಣ್ಣೆ ಬೇರೆ ಬೇರೆ

ಜನ ಮೋಸ ಹೋಗೋದು ಇಲ್ಲೇ. ಆನ್‌ಲೈನ್‌ನಲ್ಲಿ ‘ಹೆಂಪ್ ಆಯಿಲ್’ ಅಂತ ಹುಡುಕಿದ್ರೆ ಎರಡು ಪೂರ್ತಿ ಬೇರೆ ವಸ್ತು ಅಕ್ಕಪಕ್ಕದಲ್ಲೇ ಕಾಣ್ತವೆ. ಒಂದು ಬೀಜದ ಎಣ್ಣೆ. ಇನ್ನೊಂದು ಎಲೆಯ ಸಾರ.

ಬೀಜದ ಎಣ್ಣೆ ಅಂದ್ರೆ ಶೇಂಗಾ, ಕುಸುಬಿ ಹಿಂಡಿದ ಹಾಗೆ ಗಾಂಜಾ ಜಾತಿಯ ಗಿಡದ ಬೀಜ ಹಿಂಡಿ ತೆಗೆದದ್ದು. ಇದನ್ನ ಆಹಾರವಾಗಿ ಮಾರೋಕೆ ಎಫ್‌ಎಸ್‌ಎಸ್‌ಎಐ 2021ರಲ್ಲಿ ಅವಕಾಶ ಕೊಟ್ಟಿದೆ. ಬೀಜದಲ್ಲಿ ಸಿಬಿಡಿ ಇಲ್ಲ ಅಂದ್ರೂ ನಡೆಯುತ್ತೆ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಇಂಥ ಆಹಾರದ ಒಂದು ಕೆಜಿಯಲ್ಲಿ ಸಿಬಿಡಿ 75 ಮಿಲಿಗ್ರಾಂ ಮೀರೋ ಹಾಗಿಲ್ಲ. ಲೆಕ್ಕ ಹಾಕಿ ನೋಡಿ. ದಿನಕ್ಕೆ 20 ಮಿಲಿಗ್ರಾಂ ಸಿಬಿಡಿ ಬೇಕು ಅಂದ್ರೆ ಈ ಎಣ್ಣೆ ಕಾಲು ಕೆಜಿಗಿಂತ ಜಾಸ್ತಿ ಕುಡಿಯಬೇಕು! ಒಮೆಗಾ-3 ಇದೆ ಅಂತ ಹೊಗಳ್ತಾರೆ, ಇದೆ ನಿಜ. ಅದಕ್ಕಿಂತ ಹೆಚ್ಚು ನಮ್ಮ ಅಗಸಿಯಲ್ಲಿದೆ. ರೊಟ್ಟಿ ಜೊತೆ ಅಗಸಿ ಚಟ್ನಿ ತಿನ್ನೋರು ಇದಕ್ಕೆ ದುಡ್ಡು ಹಾಕೋದು ಬೇಕಿಲ್ಲ.

ಎಲೆಯ ಸಾರದ್ದು ಬೇರೆ ಕಥೆ. ಇದನ್ನ ಆಯುಷ್ ಲೈಸೆನ್ಸ್ ಮೇಲೆ ‘ವಿಜಯಾ ಎಕ್ಸ್‌ಟ್ರ್ಯಾಕ್ಟ್’ ಹೆಸರಲ್ಲಿ ಆಯುರ್ವೇದ ಔಷಧಿಯಾಗಿ ಮಾರ್ತಾರೆ. ಇದರಲ್ಲಿ ಸಿಬಿಡಿ ಇರುತ್ತೆ, ಬ್ರ್ಯಾಂಡ್ ನೋಡಿ ಟಿಎಚ್‌ಸಿಯೂ ಇರಬಹುದು. ‘ಫುಲ್ ಸ್ಪೆಕ್ಟ್ರಮ್’ ಅಂತ ಬರೆದಿದ್ದರೆ ಗಿಡದ ಎಲ್ಲಾ ಅಂಶವೂ ಇದೆ, ಅಂದರೆ ಅಮಲಿನ ಟಿಎಚ್‌ಸಿಯೂ ಸೇರಿದೆ ಅಂತ ಅರ್ಥ. ಬೆಂಗಳೂರಿನ ಕೋರಮಂಗಲದಲ್ಲಿ 2020ರ ಫೆಬ್ರವರಿಯಲ್ಲಿ ಇಂಥ ಔಷಧಿಯ ಕ್ಲಿನಿಕ್ಕೇ ಶುರುವಾಗಿತ್ತು. ಈಗ ವಿಡಿಯೊ ಕಾಲ್‌ನಲ್ಲಿ ಐದು ನಿಮಿಷ ಮಾತಾಡಿ, ಚೀಟಿ ಬರೆದು, ಬಾಟಲಿಯನ್ನ ಕೊರಿಯರ್‌ನಲ್ಲಿ ಮನೆಗೆ ಕಳಿಸೋ ವ್ಯವಸ್ಥೆಯೂ ಇದೆ.

ಮೂರನೇದೂ ಒಂದಿದೆ, ಅದು ಅಪಾಯದ್ದು. ಯಾರೋ ಗಾಂಜಾ ಮೊಗ್ಗನ್ನ ಕೊಬ್ಬರಿ ಎಣ್ಣೆಯಲ್ಲಿ ಕಾಸಿ ‘ವಾಯು ಎಣ್ಣಿ’ ಅಂತ ಲೇಬಲ್ಲೇ ಇಲ್ಲದ ಬಾಟಲಿಯಲ್ಲಿ ಕೊಡೋದು. ಅದರಲ್ಲಿ ಏನೆಷ್ಟಿದೆ ಅನ್ನೋದು ಕಾಸಿದವನಿಗೂ ಗೊತ್ತಿರಲ್ಲ.

ಇಲ್ಲಿ ಇನ್ನೊಂದು ಗೊಂದಲ ಹೇಳಲೇಬೇಕು. ‘ಹೆಂಪ್’ ಅನ್ನೋದನ್ನ ಕನ್ನಡಕ್ಕೆ ತಂದವರು ಎಷ್ಟೋ ಕಡೆ ‘ಸೆಣಬು’ ಅಂತ ಬರೆದಿದ್ದಾರೆ. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಅಂತ ಹೊಲದಲ್ಲಿ ಬಿತ್ತಿ ಮಣ್ಣಿಗೆ ಸೇರಿಸೋ ಸೆಣಬು ಬೇರೆ ಗಿಡ. ಹಳದಿ ಹೂವು ಬಿಡುತ್ತೆ, ಗಾಂಜಾಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅದರ ಬೀಜದಲ್ಲಿ ಲಿವರ್‌ಗೆ ಹಾನಿ ಮಾಡೋ ಜಾತಿಯ ಅಂಶಗಳಿವೆ. ‘ಸೆಣಬಿನ ಬೀಜದ ಎಣ್ಣಿ ನೋವಿಗೆ ಚಲೋ’ ಅಂತ ಓದಿ ಯಾರೂ ಗೊಬ್ಬರದ ಬೀಜ ಹಿಂಡೋಕೆ ಹೋಗಬ್ಯಾಡ್ರಿ.

ನೋವು ಇಳಿಯುತ್ತಾ?

ಸಂಧಿವಾತ ಮಾಡಿಸಿದ ಇಲಿಗಳಿಗೆ ಸಿಬಿಡಿ ಕೊಟ್ಟಾಗ ಬಾವು ಇಳಿದದ್ದನ್ನ ಒಂದಕ್ಕಿಂತ ಹೆಚ್ಚು ಪ್ರಯೋಗಗಳು ತೋರಿಸಿವೆ. ಜಾಹೀರಾತಿನ ‘ವೈಜ್ಞಾನಿಕವಾಗಿ ಸಾಬೀತು’ ಅನ್ನೋ ಮಾತು ಬಹಳ ಸಲ ಈ ಇಲಿಗಳ ಮೇಲೇ ನಿಂತಿರುತ್ತೆ. ಮನುಷ್ಯರಿಗೆ ಕೊಟ್ಟು ನೋಡಿದಾಗ ಲೆಕ್ಕ ಬದಲಾಯ್ತು.

ಡೆನ್ಮಾರ್ಕ್‌ನಲ್ಲಿ ಕೈ ಬೆರಳಿನ ಸಂದು ಸವೆತ ಮತ್ತು ಸೋರಿಯಾಸಿಸ್ ಜೊತೆ ಬರೋ ಸಂಧಿವಾತ ಇದ್ದ 136 ಜನರನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 20ರಿಂದ 30 ಮಿಲಿಗ್ರಾಂ ಸಿಬಿಡಿ ಗುಳಿಗೆ. ಇನ್ನೊಂದಕ್ಕೆ ನೋಡೋಕೆ ಹಾಗೇ ಇರೋ, ಔಷಧಿಯೇ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅನ್ನೋದು ರೋಗಿಗೂ ಗೊತ್ತಿಲ್ಲ, ಕೊಟ್ಟ ಡಾಕ್ಟರಿಗೂ ಗೊತ್ತಿಲ್ಲ. 12 ವಾರ ಆದಮೇಲೆ ನೋಡಿದ್ರೆ ಎರಡೂ ಗುಂಪಿನವರ ನೋವು 100ರ ಅಳತೆಯಲ್ಲಿ ಸುಮಾರು 12ರಷ್ಟು ಇಳಿದಿತ್ತು. ಅಂದರೆ ಖಾಲಿ ಗುಳಿಗೆ ತಗೊಂಡವರಿಗೂ ಅಷ್ಟೇ ಆರಾಮ ಸಿಕ್ಕಿತ್ತು. ಈ ಫಲಿತಾಂಶ ‘ಪೇನ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಅಚ್ಚಾಗಿದೆ.

ನನಗೆ ಈ ಪ್ರಯೋಗ ಮುಖ್ಯ ಅನಿಸಿದ್ದು ಒಂದು ಕಾರಣಕ್ಕೆ. “ನನಗ ಹಚ್ಚಿದ ಮ್ಯಾಲ ಖರೇನ ಕಮ್ಮಿ ಆತು” ಅನ್ನೋರು ಊರಲ್ಲಿ ಸಿಕ್ಕೇ ಸಿಗ್ತಾರೆ. ಅವರು ಸುಳ್ಳು ಹೇಳ್ತಿಲ್ಲ. ಸಂದು ನೋವು ಅಂದ್ರೆನೇ ಒಂದು ವಾರ ಏರೋದು, ಒಂದು ವಾರ ಇಳಿಯೋದು. ಜಾಸ್ತಿ ಇದ್ದಾಗಲೇ ನಾವು ಔಷಧಿ ಹುಡುಕ್ತೇವೆ, ಅದು ತಾನಾಗೇ ಇಳಿಯೋ ಹೊತ್ತಿಗೆ ಬಾಟಲಿ ಕೈಯಲ್ಲಿರುತ್ತೆ. ಹೆಸರು ಬಾಟಲಿಗೆ ಹೋಗುತ್ತೆ.

‘20 ಮಿಲಿಗ್ರಾಂ ಕಡಿಮೆ ಆಯ್ತು, ಜಾಸ್ತಿ ಕೊಡಬೇಕಿತ್ತು’ ಅಂತ ಕೆಲವರು ವಾದ ಮಾಡಬಹುದು. ಅದನ್ನೂ ನೋಡಿದ್ದಾರೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಮೊಣಕಾಲು ಸವೆತದ 86 ಜನರ ಮೇಲೆ ಪ್ರಯೋಗ ನಡೀತು. ಎಲ್ಲರಿಗೂ ಪ್ಯಾರಾಸಿಟಮಾಲ್, ಅದರ ಮೇಲೆ ಅರ್ಧ ಜನರಿಗೆ ದಿನಕ್ಕೆ 600 ಮಿಲಿಗ್ರಾಂವರೆಗೆ ಸಿಬಿಡಿ, ಉಳಿದವರಿಗೆ ಖಾಲಿ ಗುಳಿಗೆ. ಎಂಟು ವಾರದ ನಂತರ ಸಿಬಿಡಿಯಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ ಅಂತ 2023ರಲ್ಲಿ ವರದಿ ಬಂತು. 600 ಮಿಲಿಗ್ರಾಂ ಅಂದ್ರೆ ಎಷ್ಟು ಗೊತ್ತಾ? 30 ಎಂಎಲ್ ಬಾಟಲಿಯಲ್ಲಿ 1000 ಮಿಲಿಗ್ರಾಂ ಸಿಬಿಡಿ ಇದೆ ಅಂತ ಇಟ್ಕೊಳ್ಳಿ. ಒಂದು ಎಂಎಲ್‌ನಲ್ಲಿ 33 ಮಿಲಿಗ್ರಾಂ ಬಂತು. 600 ಬೇಕಂದ್ರೆ ದಿನಕ್ಕೆ 18 ಎಂಎಲ್. ಸಾವಿರಾರು ರೂಪಾಯಿಯ ಬಾಟಲಿ ಎರಡನೇ ದಿನಕ್ಕೆ ಖಾಲಿ. ಅಷ್ಟು ತಗೊಂಡವರಿಗೇ ಲಾಭ ಕಾಣಲಿಲ್ಲ ಅಂದಮೇಲೆ, ನಾಲಿಗೆ ಕೆಳಗೆ ನಾಲ್ಕು ಹನಿ ಬಿಟ್ಟು ಮೊಣಕಾಲಿಗೆ ಏನಾಗುತ್ತೆ?

ಹಚ್ಚೋ ಎಣ್ಣೆಯದು ಸ್ವಲ್ಪ ಬೇರೆ. ಅಮೆರಿಕದಲ್ಲಿ ಹೆಬ್ಬೆರಳ ಬುಡದ ಸಂದು ಸವೆತ ಇದ್ದ 18 ಜನರಿಗೆ ಸಿಬಿಡಿ ಇರೋ ಮುಲಾಮು ಹಚ್ಚಿಸಿ ನೋಡಿದಾಗ ನೋವು ಕಡಿಮೆ ಆಗಿತ್ತು. ಒಳ್ಳೆ ಸುದ್ದಿಯೇ. ಆದರೆ 18 ಜನ, ಅದೂ ಎರಡು ವಾರದ ಬಳಕೆ, ಅದೂ ಚರ್ಮದ ಕೆಳಗೇ ಇರೋ ಸಣ್ಣ ಸಂದು. ದಪ್ಪ ಮೊಣಕಾಲಿಗೆ, ಸೊಂಟಕ್ಕೆ ಅದೇ ಲೆಕ್ಕ ಹಿಡಿಯೋಕೆ ಬರಲ್ಲ. ಹಚ್ಚೋದರಿಂದ ದೊಡ್ಡ ಹಾನಿ ಆಗೋದು ಕಡಿಮೆ, ಖರ್ಚಾಗೋದು ಜೇಬು. ನೋವಿನ ಬಗ್ಗೆ ಕೆಲಸ ಮಾಡೋ ಅಂತರರಾಷ್ಟ್ರೀಯ ವೈದ್ಯರ ಸಂಘ ಐಎಎಸ್‌ಪಿ ಕೂಡ 2021ರಲ್ಲಿ, ಗಾಂಜಾ ಮೂಲದ ಔಷಧಿಗಳನ್ನ ನೋವಿಗೆ ಸಾಮಾನ್ಯವಾಗಿ ಬಳಸೋದನ್ನ ಬೆಂಬಲಿಸೋವಷ್ಟು ಪುರಾವೆ ಇಲ್ಲ ಅಂತ ಹೇಳಿದೆ.

ಲೇಬಲ್ ಮೇಲಿನ ಅಂಕಿಯನ್ನೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ಅಮೆರಿಕದಲ್ಲಿ ಆನ್‌ಲೈನ್‌ನಿಂದ 84 ಸಿಬಿಡಿ ಉತ್ಪನ್ನ ತರಿಸಿ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದ್ದರು, 2017ರಲ್ಲಿ ವರದಿಯಾಯ್ತು. ಲೇಬಲ್‌ನಲ್ಲಿ ಹೇಳಿದಷ್ಟು ಸಿಬಿಡಿ ಸರಿಯಾಗಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು. ಅಮಲಿಲ್ಲದ ಎಣ್ಣೆ ಅಂತ ನಂಬಿ ತಗೊಂಡು ಟ್ರ್ಯಾಕ್ಟರ್ ಓಡಿಸೋರು, ರಾತ್ರಿ ಎದ್ದು ಬಚ್ಚಲಕ್ಕೆ ಹೋಗೋ ವಯಸ್ಸಾದವರು ಈ ಮಾತು ನೆನಪಿಡಬೇಕು. ತಲೆ ತಿರುಗಿ ಬಿದ್ರೆ ಮೊಣಕಾಲು ಹೋಗಿ ಸೊಂಟದ ಮೂಳೆ ಆದೀತು.

ಬೇರೆ ಗುಳಿಗೆ ತಗೊಳ್ಳೋರು ಹುಷಾರ್

‘ನೈಸರ್ಗಿಕ, ಅಡ್ಡಪರಿಣಾಮ ಇಲ್ಲ’ ಅನ್ನೋದು ಸರಿಯಲ್ಲ. ಫಿಟ್ಸ್‌ಗೆ ಕೊಡೋ ಶುದ್ಧ ಸಿಬಿಡಿ ಔಷಧಿಯಲ್ಲೇ ನಿದ್ದೆ ಮಂಪರು, ಭೇದಿ, ಹಸಿವು ಕಡಿಮೆಯಾಗೋದು, ಲಿವರ್ ಎಂಜೈಮ್ ಏರೋದು ಕಂಡಿದೆ. ಅಲ್ಲಿ ಕೊಡೋದು ದೊಡ್ಡ ಪ್ರಮಾಣ ನಿಜ. ಆದರೆ ಕೊಬ್ಬಿನ ಊಟದ ಜೊತೆ ತಗೊಂಡ್ರೆ ಅದೇ ಪ್ರಮಾಣದಲ್ಲಿ ರಕ್ತಕ್ಕೆ ಸೇರೋದು ಸುಮಾರು ನಾಲ್ಕು ಪಟ್ಟು ಆಗುತ್ತೆ. ಖಾಲಿ ಹೊಟ್ಟೆಯಲ್ಲಿ ಒಂದು ಲೆಕ್ಕ, ಹೋಳಿಗೆ-ತುಪ್ಪ ಉಂಡ ದಿನ ಇನ್ನೊಂದು ಲೆಕ್ಕ.

ಅದಕ್ಕಿಂತ ದೊಡ್ಡ ವಿಷಯ ಅಂದ್ರೆ ಬೇರೆ ಔಷಧಿಗಳನ್ನ ಲಿವರ್ ಕರಗಿಸೋ ದಾರಿಯನ್ನೇ ಸಿಬಿಡಿ ಕಟ್ಟುತ್ತೆ. ಹೃದಯದ ವಾಲ್ವ್ ಹಾಕಿಸಿಕೊಂಡವರು ರಕ್ತ ತೆಳು ಮಾಡೋಕೆ ತಗೊಳ್ಳೋ ವಾರ್ಫರಿನ್ ಇದ್ರೆ, ಸಿಬಿಡಿ ಜೊತೆ ಸೇರಿ ರಕ್ತ ಬೇಕಾದ್ದಕ್ಕಿಂತ ತೆಳುವಾಗಿ ರಕ್ತಸ್ರಾವ ಆಗಬಹುದು. ಫಿಟ್ಸ್‌ಗೆ ಕ್ಲೋಬಜಾಮ್ ತಗೊಳ್ಳೋರಿಗೆ ಮಂಪರು ಜಾಸ್ತಿ ಆಗುತ್ತೆ. ಆಮವಾತಕ್ಕೆ ಮೆಥೊಟ್ರೆಕ್ಸೇಟ್ ತಗೊಳ್ಳೋರಲ್ಲಿ ಲಿವರ್ ಮೇಲೆ ಮೊದಲೇ ಭಾರ ಇರುತ್ತೆ, ಅದರ ಮೇಲೆ ಇದೊಂದು. ಇಂಥವರು ಡಾಕ್ಟರಿಗೆ ಹೇಳದೆ ಒಂದು ಹನಿಯೂ ಬಾಯಿಗೆ ಹಾಕೋದು ಬೇಡ. ಬಸುರಿಯರು, ಹಾಲುಣಿಸೋ ತಾಯಂದಿರು ತಗೊಳ್ಳಲೇಬಾರದು.

ಅಂಗಡಿಯವರಿಗೆ, ರೈತರಿಗೆ ಕಾನೂನು

1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅಂತ ಕರೆಯೋದು ಗಿಡದ ಹೂವಿನ, ಕಾಯಿಯ ತುದಿಯನ್ನ. ಅಂಟು ತೆಗೆದ್ರೆ ಅದು ಚರಸ್. ತುದಿ ಜೊತೆ ಇಲ್ಲದ ಬರೀ ಬೀಜ, ಬರೀ ಎಲೆ ಈ ವ್ಯಾಖ್ಯೆಯಿಂದ ಹೊರಗೆ. ಬೀಜದ ಎಣ್ಣೆ, ವಿಜಯಾ ಔಷಧಿ ಮಾರುಕಟ್ಟೆಗೆ ಬಂದಿರೋದು ಈ ಸಂದಿಯಲ್ಲೇ. 2022ರ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಭಾಂಗ್ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ, ಭಾಂಗ್ ನಿಷೇಧಿತ ಅಂತ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ ಎಂದಿತ್ತು.

ಹಾಗಂತ ಭಾಂಗ್ ರಾಜಾರೋಷವಾಗಿ ಇಡಬಹುದು ಅಂತ ತಿಳಿದ್ರೆ ತಪ್ಪಾಗುತ್ತೆ. ಎಲೆ ನಮ್ಮ 1965ರ ಅಬಕಾರಿ ಕಾಯ್ದೆಯ ಮಾದಕ ಪದಾರ್ಥದ ವ್ಯಾಖ್ಯೆಯಲ್ಲಿ ಬರುತ್ತೆ. ಇನ್ನು ಎಲೆಯ ಸಾರವೋ, ಮೊಗ್ಗಿನ ಸಾರವೋ ಅನ್ನೋದು ಬಾಟಲಿ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ. ಲ್ಯಾಬ್ ವರದಿ ಬರೋತನಕ ಓಡಾಡೋದು ಅಂಗಡಿಯವರೇ. ಮೊಗ್ಗು ಬೆರೆತಿದ್ರೆ ಒಂದು ಕೆಜಿವರೆಗಿನ ‘ಸಣ್ಣ ಪ್ರಮಾಣ’ಕ್ಕೂ ಒಂದು ವರ್ಷದವರೆಗೆ ಜೈಲು, 10 ಸಾವಿರದವರೆಗೆ ದಂಡ, ಅಥವಾ ಎರಡೂ. ಬೆರಕೆ ಮಾಲು ಸಿಕ್ಕರೆ ಬರೀ ಗಾಂಜಾದ ತೂಕ ಅಲ್ಲ, ಬೆರಕೆಯ ಪೂರ್ತಿ ತೂಕ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಎಣ್ಣೆಯ ತೂಕವೂ ನಿಮ್ಮ ಲೆಕ್ಕಕ್ಕೇ.

ಕಾನೂನುಬದ್ಧ ವಿಜಯಾ ಔಷಧಿ ಆದ್ರೂ ಅದು ಅಮೃತಾಂಜನ್ ತರಹ ಕೌಂಟರ್ ಮೇಲೆ ಇಡೋ ಸಾಮಾನಲ್ಲ. ಔಷಧ ನಿಯಮಗಳ ಶೆಡ್ಯೂಲ್ ಇ-1ರಲ್ಲಿ ಆಯುರ್ವೇದದ ವಿಷದ ಪದಾರ್ಥಗಳ ಪಟ್ಟಿ ಇದೆ, ಭಾಂಗ್ ಅದರಲ್ಲಿದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ತಗೋಬೇಕು ಅನ್ನೋ ಎಚ್ಚರಿಕೆ ಲೇಬಲ್ ಮೇಲೆ ಇರಲೇಬೇಕು. ಆ ಸಾಲು, ತಯಾರಕರ ಆಯುಷ್ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಸಿಬಿಡಿ ಎಷ್ಟು ಟಿಎಚ್‌ಸಿ ಎಷ್ಟು ಅನ್ನೋ ಅಂಕಿ, ಇದರಲ್ಲಿ ಒಂದು ಇಲ್ಲದಿದ್ರೂ ಆ ಬಾಟಲಿಯನ್ನ ಒಳಗೆ ಬಿಟ್ಕೋಬೇಡಿ.

ಇನ್ನೊಂದು ಬಲೆ ಯಾರೂ ಯೋಚಿಸದ್ದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯಲ್ಲಿ, ‘ಗುಣ ಮಾಡ್ತೇವೆ’ ಅಂತ ಜಾಹೀರಾತು ಕೊಡಬಾರದ 54 ರೋಗಗಳ ಪಟ್ಟಿ ಇದೆ. ಸಂಧಿವಾತ ಅದರಲ್ಲಿದೆ. ಮೊದಲ ಸಲ ತಪ್ಪು ಸಾಬೀತಾದ್ರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಕಂಪನಿ ಕಳಿಸಿದ ಪೋಸ್ಟರ್ ಅಂಗಡಿ ಮುಂದೆ ಅಂಟಿಸಿದ್ರೂ, ‘ಶಾಶ್ವತ ಪರಿಹಾರ’ ಅನ್ನೋ ಮೆಸೇಜ್‌ಗೆ ನಿಮ್ಮ ಅಂಗಡಿ ನಂಬರ್ ಸೇರಿಸಿ ಗ್ರೂಪ್‌ಗೆ ಹಾಕಿದ್ರೂ ಜಾಹೀರಾತು ನಿಮ್ಮದೇ ಆಗುತ್ತೆ.

ರೈತರ ವಿಷಯಕ್ಕೆ ಒಂದೇ ಮಾತು. ‘ಈಗ ಸಿಬಿಡಿಗೆ ಬೇಡಿಕೆ ಐತಿ, ಎರಡು ಸಾಲು ಹಾಕ್ರಿ’ ಅಂತ ಯಾರಾದ್ರೂ ಬಂದ್ರೆ ನಂಬಬೇಡಿ. ಉತ್ತರಾಖಂಡದಲ್ಲಿ 2018ರಿಂದ ಲೈಸೆನ್ಸ್ ಕೊಟ್ಟು, ಟಿಎಚ್‌ಸಿ ಶೇ 0.3ಕ್ಕಿಂತ ಕಡಿಮೆ ಇರೋ ಗಿಡವನ್ನ ಮಾತ್ರ ಬೆಳೆಸ್ತಾರೆ. ಇಲ್ಲಿ ಲೈಸೆನ್ಸ್ ಇಲ್ಲದೆ ಕಬ್ಬಿನ ನಡುವೆ ಗಿಡ ಬೆಳೆದ್ರೆ ಹತ್ತು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಔಷಧಿಗೆ ಬೆಳೆದಿದ್ದೆ ಅನ್ನೋ ಮಾತು ಕೋರ್ಟಿನಲ್ಲಿ ನಡೆಯಲ್ಲ.

ಹಾಗಾದ್ರೆ ನೋವಿಗೆ ಏನು?

ಮೊದಲು ಯಾವ ನೋವು ಅನ್ನೋದು ಗೊತ್ತಾಗಬೇಕು. ನಾವು ಎಲ್ಲದಕ್ಕೂ ‘ವಾಯು’ ಅಂದುಬಿಡ್ತೇವೆ. ವಯಸ್ಸು, ದುಡಿಮೆ, ತೂಕದಿಂದ ಬರೋ ಸವೆತ ಒಂದು. ನಡೆದಾಗ, ಮೆಟ್ಟಿಲು ಹತ್ತಿದಾಗ ಜಾಸ್ತಿ, ಕೂತ್ರೆ ಕಡಿಮೆ. ಮುಂಜಾನೆಯ ಬಿಗಿತ ಹತ್ತಿಪ್ಪತ್ತು ನಿಮಿಷದಲ್ಲಿ ಬಿಡುತ್ತೆ. ಆಮವಾತ ಹಾಗಲ್ಲ. ದೇಹದ ರಕ್ಷಣಾ ಶಕ್ತಿಯೇ ತಿರುಗಿ ಸಂದುಗಳ ಮೇಲೆ ಬೀಳೋ ರೋಗ ಅದು. ಎರಡೂ ಕೈಯ ಬೆರಳು, ಮಣಿಕಟ್ಟು ಬಾತುಕೊಳ್ತವೆ, ಬೆಳಿಗ್ಗೆ ಒಂದು ತಾಸು ಕೈ ಮುಷ್ಟಿ ಆಗಲ್ಲ. ಹೆಣ್ಮಕ್ಕಳಲ್ಲಿ ಹೆಚ್ಚು. ಇನ್ನು ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ ಹಾಸಿಗೆ ಮುಟ್ಟಿದ್ರೂ ಉರಿದ್ರೆ ಅದು ಯೂರಿಕ್ ಆ್ಯಸಿಡ್‌ದು.

ಈ ವ್ಯತ್ಯಾಸಕ್ಕೆ ಯಾಕೆ ಇಷ್ಟು ಮಹತ್ವ? ಸವೆತದವರು ಎಣ್ಣೆ ನಂಬಿ ಆರು ತಿಂಗಳು ಕಳೆದ್ರೆ ದುಡ್ಡು ಹೋಗುತ್ತೆ. ಆಮವಾತದವರು ಆರು ತಿಂಗಳು ಕಳೆದ್ರೆ ಸಂದು ಹೋಗುತ್ತೆ, ಬೆರಳು ಸೊಟ್ಟಾಗಿ ಮತ್ತೆ ಸರಿ ಆಗಲ್ಲ. ಆ ರೋಗವನ್ನ ಹಿಡಿದು ನಿಲ್ಲಿಸೋ ಮೆಥೊಟ್ರೆಕ್ಸೇಟ್ ತರಹದ ಗುಳಿಗೆಗಳು ದಶಕಗಳಿಂದ ಇವೆ, ದುಬಾರಿಯೂ ಅಲ್ಲ. ಅದನ್ನ ವಾರಕ್ಕೆ ಒಂದೇ ದಿನ ತಗೊಳ್ಳೋದು, ದಿನಾ ಅಲ್ಲ, ರಕ್ತ ಪರೀಕ್ಷೆ ಮಾಡಿಸ್ತಾ ತಗೊಳ್ಳೋದು. ಎಣ್ಣೆ ಸಿಕ್ತು ಅಂತ ಈ ಗುಳಿಗೆ ಬಿಡೋದೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಸವೆತದ ಮೊಣಕಾಲಿಗೆ ಪುರಾವೆ ಗಟ್ಟಿಯಾಗಿ ಇರೋದು ಯಾರಿಗೂ ಇಷ್ಟವಾಗದ ಎರಡು ಉಪಾಯಕ್ಕೆ. ಒಂದು, ತೊಡೆಯ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ. ಕುರ್ಚಿ ಮೇಲೆ ಕೂತು ಕಾಲು ನೇರ ಮಾಡಿ ಹತ್ತು ಎಣಿಸೋದು, ಇಳಿಸೋದು. ಬಿಡದೆ ಮಾಡಿದ್ರೆ ಒಂದೆರಡು ತಿಂಗಳಿಗೆ ಗೊತ್ತಾಗುತ್ತೆ. ಇನ್ನೊಂದು ತೂಕ. ಒಂದು ಕೆಜಿ ಇಳಿಸಿದ್ರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ನಾಲ್ಕು ಕೆಜಿ ಇಳಿಯುತ್ತೆ ಅಂತ ಅಳೆದು ನೋಡಿದ್ದಾರೆ. ಹಚ್ಚೋಕೆ ಬೇಕೇ ಬೇಕು ಅಂದ್ರೆ ಡೈಕ್ಲೊಫೆನ್ಯಾಕ್ ಜೆಲ್‌ಗೆ ಸಿಬಿಡಿಗಿಂತ ಎಷ್ಟೋ ಹೆಚ್ಚು ಪುರಾವೆ ಇದೆ, ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತೆ. ಅದೇ ಔಷಧಿಯ ಗುಳಿಗೆಯನ್ನ ಮಾತ್ರ ಕೇಳದೆ ತಿಂಗಳುಗಟ್ಟಲೆ ನುಂಗಬಾರದು, ಕಿಡ್ನಿ ಹಾಳಾಗುತ್ತೆ. ಪುಡಿ ಕಟ್ಟಿ ಕೊಡೋರ ಹತ್ತಿರವೂ ಹುಷಾರಾಗಿರಿ. ಎರಡೇ ದಿನದಲ್ಲಿ ನೋವು ಮಾಯ ಮಾಡೋ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ದೇಶದ ಹಲವು ಕಡೆ ಸಿಕ್ಕಿದೆ.

ಇಷ್ಟು ತಿಳಕೊಂಡು ಮೊನ್ನೆ ಕಾಕಾ ಅಂಗಡಿಗೆ ಹೋಗಿದ್ದೆ. ಮಾರೋ ವಿಚಾರಕ್ಕೆ ಅವರು ಕಾನೂನು ಕೇಳಿದ ಕೂಡಲೇ ಕೈ ಮುಗಿದರು. ಆಮೇಲೆ ನಾನೇ ಕೇಳಿದೆ, “ಕಾಕಾ, ಚಿಗವ್ವಗ ನೋವು ಎಲ್ಲೈತ್ರಿ? ಮುಂಜಾನೆ ಎದ್ದ ಮ್ಯಾಲ ಎಷ್ಟೊತ್ತು ಬಿಗಿ ಇರತೈತಿ?”

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೊಣಕಾಲ ಅಷ್ಟ ಅಲ್ಲೋ ತಮ್ಮಾ, ಕೈ ಬೆರಳೂ ಬಾತಾವು. ಮುಂಜಾನೆ ರೊಟ್ಟಿ ಹಿಟ್ಟು ನಾದಾಕ ಆಗೂದಿಲ್ಲ, ಒಂದೊಂದ ದಿನ ಒಂಬತ್ತಾದ್ರೂ ಕೈ ಮಡಚೂದಿಲ್ಲ. ಎಂಟು ತಿಂಗಳಾತು.”

ಬಾಗಲಕೋಟೆಗೆ ತೋರಿಸೋಕೆ ಕರಕೊಂಡು ಹೋಗ್ತೀನಿ ಅಂದಿದ್ದಾರೆ, ಈ ವಾರ ಅಂಗಡಿ ಮಗ ನೋಡಿಕೊಳ್ತಾನಂತೆ.